ಹೊಸ ಬೈಕಿನ ಟಕಟಕ: ಸದ್ದು ಬರುವ ಹೊತ್ತೇ ಸುಳಿವು

ಸದ್ದನ್ನು ಬಣ್ಣಿಸಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಟಕಟಕ, ಚಟಚಟ, ಗರಗರ, ಖಣಖಣ, ಗುಂಯ್, ಕಿರ್ರ್. ಆದರೆ ಒಬ್ಬರ ಟಕಟಕ ಇನ್ನೊಬ್ಬರ ಕಿವಿಗೆ ಚಟಚಟ. ಅದಕ್ಕೇ ಪಳಗಿದ ಮೆಕ್ಯಾನಿಕ್ "ಎಂಥ ಸದ್ದು?" ಎಂದು ಹೆಚ್ಚು ಕೆದಕುವುದಿಲ್ಲ. "ಯಾವಾಗ ಬರುತ್ತೆ?" ಎಂದು ಕೇಳುತ್ತಾನೆ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತಲ್ಲೋ ಓಡುವಾಗಲೋ, ಕ್ಲಚ್ ಹಿಡಿದಾಗಲೋ ಬಿಟ್ಟಾಗಲೋ. ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ಎಂಜಿನ್ ಬಿಚ್ಚುವ ಮೊದಲೇ ಅರ್ಧ ಕೆಲಸ ಮುಗಿದಂತೆ.

ಸದ್ದು ಎಲ್ಲಿಂದ ಬರುತ್ತಿದೆ ಎಂಬ ವಿಷಯದಲ್ಲಿ ಬರಿಗಿವಿಯನ್ನು ಪೂರ್ತಿ ನಂಬುವಂತಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ, ಉಕ್ಕು ಮತ್ತು ಅಲ್ಯೂಮಿನಿಯಮ್‌ಗಳಲ್ಲಿ 5,000 ಮೀಟರಿಗೂ ಹೆಚ್ಚು. ಎಂಜಿನ್ನಿನ ಮೇಲ್ತುದಿಯಾದ ಹೆಡ್ಡಿನಲ್ಲಿ ಹುಟ್ಟಿದ ಬಡಿತ ಕ್ಷಣಮಾತ್ರದಲ್ಲಿ ಇಡೀ ಕೇಸಿಂಗಿಗೆ ಹರಡಿ, ಅಗಲವಾಗಿ ತೆಳ್ಳಗಿರುವ ಯಾವುದೋ ಕವರಿನಿಂದ ಹೊರಬೀಳುತ್ತದೆ. ಕ್ಲಚ್ ಕವರ್ ಹತ್ತಿರ ಕೇಳಿಸಿತೆಂದು ಕ್ಲಚ್ಚನ್ನೇ ದೂರುವುದು ಇದೇ ಕಾರಣಕ್ಕೆ ಆಗುವ ತಪ್ಪು.

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಬೈಕನ್ನು ಬಯಲಲ್ಲಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಬೇಡವೇ ಬೇಡ, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಥ್ರಾಟಲ್ ತಿರುವಿದಂತೆ ಸದ್ದಿನ ವೇಗವೂ ಏರಿದರೆ ಅದು ಎಂಜಿನ್ನಿನದು, ಇಲ್ಲವೇ ಎಂಜಿನ್ನಿನ ಜೊತೆ ನಡುಗುವ ಯಾವುದಾದರೂ ಭಾಗದ್ದು. ನಿಂತಲ್ಲಿ ಏನೂ ಇಲ್ಲದೆ ಓಡುವಾಗ ಮಾತ್ರ ಕೇಳಿದರೆ, ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುತ್ತ ಗೇರ್ ಒಂದು ಮೆಟ್ಟಿಲು ಬದಲಿಸಿ ನೋಡಿ. ಎಂಜಿನ್ ವೇಗ ಬದಲಾದರೂ ಸದ್ದು ಹಾಗೇ ಉಳಿದರೆ ಚೈನು, ಸ್ಪ್ರಾಕೆಟ್, ಚಕ್ರದ ಬೇರಿಂಗ್, ಬ್ರೇಕ್ ಪ್ಯಾಡ್, ಟೈರುಗಳ ಕಡೆ ತಿರುಗಬೇಕು. "ಎಂಜಿನ್ ಕಿರುಗುಟ್ಟುತ್ತೆ" ಎಂದು ಬರುವ ದೂರುಗಳಲ್ಲಿ ಚೈನಿನ ಪಾಲು ದೊಡ್ಡದು. ಹಲವು ಬೈಕುಗಳಲ್ಲಿ ಚೈನಿನ ಸಡಿಲ 20ರಿಂದ 30 ಮಿ.ಮೀ. ಇರಬೇಕು, ನಿಮ್ಮದಕ್ಕೆ ಎಷ್ಟೆಂದು ಮ್ಯಾನುಯಲ್‌ನಲ್ಲಿದೆ. ಚೈನು ಜೋತುಬಿದ್ದರೆ ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಅತಿ ಬಿಗಿಯಾದದ್ದು ಇನ್ನೂ ಕೆಟ್ಟದ್ದು. ಸವಾರ ಕೂತು ಹಿಂದಿನ ಸಸ್ಪೆನ್ಷನ್ ಕುಸಿದಾಗ ಅದು ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟನ್ನೇ ಎಳೆದು ಬೇರಿಂಗ್ ತಿನ್ನುತ್ತದೆ. ಅಂದಹಾಗೆ, ಎಂಜಿನ್ ಓಡುತ್ತಿರುವಾಗ ಚೈನಿನ ಬಳಿ ಕೈ ಒಯ್ಯಬಾರದು. ಬೆರಳು ಹೋಗುವುದು ಹೀಗೆಯೇ.

ಎರಡನೆಯದು ಬಿಸಿ–ತಣ್ಣಗಿನ ಪ್ರಶ್ನೆ. ಎಂಜಿನ್ ಕುರಿತ ಅರ್ಧದಷ್ಟು ಗಾಬರಿಗಳು ಕರಗುವುದು ಇಲ್ಲೇ. ಒಂದು ಡಿಗ್ರಿ ಬಿಸಿಗೆ ಅಲ್ಯೂಮಿನಿಯಮ್ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಪಿಸ್ಟನ್ ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಬೆಂಕಿಗೆ ಎದೆಯೊಡ್ಡಿ ನಿಲ್ಲುವುದೂ ಅದೇ. ಹಾಗಾಗಿ ಅದನ್ನು ಬೋರಿಗಿಂತ (ಅದು ಓಡಾಡುವ ಕೊಳವೆಗಿಂತ) ಕೂದಲೆಳೆಯಷ್ಟು ಚಿಕ್ಕದಾಗಿಯೇ ಮಾಡಿರುತ್ತಾರೆ. ತಣ್ಣನೆಯ ಎಂಜಿನ್ನಿನಲ್ಲಿ ಆ ಜಾಗ ಹಾಗೇ ಉಳಿದಿರುತ್ತದೆ. ಪಿಸ್ಟನ್ ತುದಿ ಮುಟ್ಟಿ ಕೆಳಗಿಳಿಯುವ ಹೊತ್ತಿಗೆ, ಅದನ್ನು ಕ್ರ್ಯಾಂಕಿಗೆ (ಎಂಜಿನ್ನಿನ ಸುತ್ತುವ ಮುಖ್ಯ ಶಾಫ್ಟಿಗೆ) ಜೋಡಿಸುವ ಕನೆಕ್ಟಿಂಗ್ ರಾಡ್ ಓರೆ ಬದಲಿಸುತ್ತದೆ. ಪಿಸ್ಟನ್ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ವಾಲಿ ಮೆಲ್ಲಗೆ ಬಡಿಯುತ್ತದೆ. ಈ ಬಡಿತ ತಗ್ಗಿಸಲೆಂದೇ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಪಿನ್ನನ್ನು ನಟ್ಟನಡುವೆ ಇಡದೆ ಚೂರು ಪಕ್ಕಕ್ಕೆ ಸರಿಸಿರುತ್ತಾರೆ. ಬೆಳಗಿನ ಮೊದಲ ಒಂದೆರಡು ನಿಮಿಷ ಕೇಳಿ, ಎಂಜಿನ್ ಬಿಸಿಯಾದಂತೆ ಮಾಯವಾಗುವ ಮಂದವಾದ ಕೊಟಕೊಟ ಸಾಮಾನ್ಯವಾಗಿ ಇದೇ. ಇದಕ್ಕೆ ಚಿಕಿತ್ಸೆ ಬೇಡ. ಬಿಸಿಯಾಗುವವರೆಗೆ ಎಂಜಿನ್ನನ್ನು ಜೋರಾಗಿ ತಿರುಗಿಸದಿದ್ದರಾಯಿತು.

ಸ್ಟಾರ್ಟ್ ಮಾಡಿದ ತಕ್ಷಣ ಒಂದೆರಡು ಸೆಕೆಂಡ್ ಚೈನು ಅಲುಗಾಡಿಸಿದಂತೆ ಗಲಗಲ ಎಂದು ನಿಂತರೆ, ಅದು ಎಂಜಿನ್ನಿನೊಳಗೆ ವಾಲ್ವುಗಳನ್ನು ಓಡಿಸುವ ಟೈಮಿಂಗ್ ಚೈನ್. ಈ ಚೈನನ್ನು ಬಿಗಿಯಾಗಿಡಲು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್ ಇದ್ದಲ್ಲಿ, ಆಯಿಲ್ ತುಂಬಿಕೊಳ್ಳುವವರೆಗೆ ಅದಕ್ಕೆ ಬಿಗಿತ ಇರುವುದಿಲ್ಲ. ಬಿಸಿಯಾದ ಮೇಲೂ ಗಲಗಲ ಮುಂದುವರಿದರೆ, ಅದರಲ್ಲೂ ಥ್ರಾಟಲ್ ಬಿಟ್ಟು ಎಂಜಿನ್ ಇಳಿಯುವಾಗ ಹೆಚ್ಚಾದರೆ, ಟೆನ್ಷನರ್ ಪರೀಕ್ಷಿಸಲು ಹೇಳಬೇಕು. ಆ ಚೈನು ಹಲ್ಲು ಜಿಗಿದರೆ ವಾಲ್ವು ಪಿಸ್ಟನ್‌ಗೆ ತಗುಲುವ ಅಪಾಯವಿದೆ.

ತಣ್ಣಗಿದ್ದಾಗ ಮೌನ, ಬಿಸಿಯಾದ ಮೇಲೆ ಸದ್ದು: ಈ ಜಾತಿಯದನ್ನು ಹಗುರವಾಗಿ ನೋಡಬಾರದು. 40 ಡಿಗ್ರಿಯಲ್ಲಿರುವ ಆಯಿಲ್ 100 ಡಿಗ್ರಿಗೆ ಏರುವಷ್ಟರಲ್ಲಿ ಐದಾರು ಪಟ್ಟು ತೆಳುವಾಗಿರುತ್ತದೆ. ದಪ್ಪನೆಯ ಆಯಿಲ್ ಮರೆಮಾಚಿದ್ದ ಬೇರಿಂಗಿನ ಸಡಿಲ ಆಗ ಬಾಯಿಬಿಡುತ್ತದೆ.

ಹಾಗಾಗಿ ಸದ್ದಿನ ಯಾವ ದೂರಿಗೂ ಮೊದಲು ಆಯಿಲ್ ಮಟ್ಟ ನೋಡಿ. ಎರಡು ಮೂರು ನಿಮಿಷ ಐಡ್ಲಿಂಗ್ (ಥ್ರಾಟಲ್ ಮುಟ್ಟದೆ ಓಡಲು ಬಿಡುವುದು), ಆಫ್ ಮಾಡಿ ಮತ್ತೆ ಎರಡು ಮೂರು ನಿಮಿಷ ಕಾಯುವುದು, ಆಮೇಲೆ ಸಮತಟ್ಟು ನೆಲದಲ್ಲಿ ಬೈಕನ್ನು ನೆಟ್ಟಗೆ ಹಿಡಿದು ನೋಡುವುದು. ಸೈಡ್ ಸ್ಟ್ಯಾಂಡಿನ ಮೇಲೆ ನೋಡಿದ ಅಳತೆ ಲೆಕ್ಕಕ್ಕಿಲ್ಲ. ಹಲವು ಬೈಕುಗಳಲ್ಲಿ ಡಿಪ್‌ಸ್ಟಿಕ್ಕನ್ನು ತಿರುಪದೆ ಬರೀ ಊರಿಸಿ ಅಳೆಯಬೇಕು. ಇದನ್ನೂ ಮ್ಯಾನುಯಲ್‌ನಲ್ಲೇ ನೋಡಿಕೊಳ್ಳಿ. ಆಯಿಲ್ ಕಡಿಮೆಯಾದರೆ ಸದ್ದಾಗುತ್ತದೆಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಕಷ್ಟವೇ: ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ತುಂಬಿದ ಟೆನ್ಷನರ್ ಸ್ಪಂಜಿನಂತೆ ಮೆತ್ತಗಾಗುತ್ತದೆ.

ಮೂರನೆಯದು ಕ್ಲಚ್. ಎಂಜಿನ್ ಬಿಸಿಯಾಗಿ ನ್ಯೂಟ್ರಲ್‌ನಲ್ಲಿ ಓಡುತ್ತಿರುವಾಗ ಕ್ಲಚ್ ಲಿವರ್ ಹಿಡಿಯಿರಿ. ಗರಗರ ನಿಂತುಹೋದರೆ ಅದರ ಮೂಲ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್, ಅದರ ಗೇರುಗಳು, ಬೇರಿಂಗು, ಇಲ್ಲವೇ ಕ್ಲಚ್ ಬುಟ್ಟಿಯಲ್ಲಿದೆ. ಲಿವರ್ ಹಿಡಿದಾಗಲೇ ಹೊಸ ಸದ್ದು ಹುಟ್ಟಿದರೆ ಕ್ಲಚ್ ರಿಲೀಸ್ ಬೇರಿಂಗಿನ ಮೇಲೆ ಅನುಮಾನ. ಮೊದಲ ಬಗೆಯದು ಸಿಂಗಲ್ ಸಿಲಿಂಡರ್ ಬೈಕುಗಳಲ್ಲಿ ಸಾಧಾರಣ. ನಾಲ್ಕು ಸ್ಟ್ರೋಕಿನ ಸಿಂಗಲ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಒಂದೇ ಸಲ ಶಕ್ತಿ ಸಿಗುತ್ತದೆ. ಅಂದರೆ ಪ್ರತಿ ಎರಡು ಸುತ್ತಿನಲ್ಲೂ ಅದು ಒಮ್ಮೆ ಮುನ್ನುಗ್ಗಿ ಮತ್ತೆ ನಿಧಾನಿಸುತ್ತದೆ. ಗೇರಿನ ಹಲ್ಲುಗಳ ನಡುವೆ ಬೇಕೆಂದೇ ಬಿಟ್ಟ ಚೂರು ಸಡಿಲದಲ್ಲಿ ಹಲ್ಲು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಾಕುತ್ತದೆ. ಐಡ್ಲಿಂಗಿನಲ್ಲಿ ಮಾತ್ರ ಕೇಳಿ, ಗೇರ್ ಹಾಕಿ ಹೊರಟೊಡನೆ ಅಡಗಿದರೆ ನೆಮ್ಮದಿಯಾಗಿ ಓಡಿಸಬಹುದು.

ಇನ್ನು ಹೊಸ ಬೈಕಿನವರನ್ನು ಅತಿ ಹೆಚ್ಚು ಕಾಡುವ ಟ್ಯಾಪೆಟ್ ಸದ್ದು. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಬಿಡುವ ಅಂತರ ಹಲವು ಎಂಜಿನ್‌ಗಳಲ್ಲಿ 0.05ರಿಂದ 0.20 ಮಿ.ಮೀ. ಒಳಗೆ, ಹೆಚ್ಚು ಬಿಸಿಯಾಗುವ ಎಕ್ಸಾಸ್ಟ್ ವಾಲ್ವಿಗೆ ಸಾಮಾನ್ಯವಾಗಿ ಹೆಚ್ಚು ಅಂತರ. ಹಗುರವಾದ, ಒಂದೇ ಲಯದ ಟಿಕ್ ಟಿಕ್ ಈ ಅಂತರದ ಸಹಜ ಫಲ. "ಸದ್ದು ನಿಲ್ಲಿಸಿ ಕೊಡಿ" ಎಂದು ಹಟ ಹಿಡಿಯುವುದು ಮಾತ್ರ ಅಪಾಯಕಾರಿ. ಅಂತರ ತೀರ ಕಡಿಮೆಯಾದರೆ, ಬಿಸಿಗೆ ಉದ್ದವಾದ ವಾಲ್ವು ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ವಾಲ್ವು ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸುವುದು ಮುಖ್ಯವಾಗಿ ಸೀಟಿನ ಮೂಲಕವೇ. ಆ ದಾರಿ ಮುಚ್ಚಿದರೆ ಅಂಚು ಸುಟ್ಟು ಕಂಪ್ರೆಷನ್ ಸೋರುತ್ತದೆ. ಮೆತ್ತಗೆ ಟಿಕ್ ಎನ್ನುವ ವಾಲ್ವಿಗಿಂತ ಸದ್ದೇ ಇಲ್ಲದ ಬಿಗಿ ವಾಲ್ವು ದುಬಾರಿ. ಅಂತರ ಅಳೆಯುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುತ್ತತುದಿಯಲ್ಲಿರುವಾಗ, ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿಯಿಂದ. ವಾರಂಟಿಯೊಳಗಿನ ಬೈಕಾದರೆ ಇದು ಸರ್ವಿಸ್ ಸೆಂಟರಿನ ಕೆಲಸ.

ಟ್ಯಾಪೆಟ್ಟಿನ ವೇಷ ಹಾಕುವ ಸದ್ದುಗಳೂ ಇವೆ. ಫ್ಯೂಯೆಲ್ ಇಂಜೆಕ್ಟರ್ ತೆರೆದು ಮುಚ್ಚುವಾಗ ಚಿಟಿಕೆ ಹೊಡೆದಂತೆ ಸದ್ದಾಗುತ್ತದೆ. ಸೈಲೆನ್ಸರ್ ಪೈಪು ಹೆಡ್ಡಿಗೆ ಸೇರುವಲ್ಲಿ ಗ್ಯಾಸ್ಕೆಟ್ ಸೋರಿದರೆ ಥೇಟ್ ಟ್ಯಾಪೆಟ್ಟಿನ ಹಾಗೇ ಟಕಟಕ ಬರುತ್ತದೆ. ಎಂಜಿನ್ ತಣ್ಣಗಿರುವಾಗ ಆ ಜೋಡಣೆಯ ಸುತ್ತ ಕಪ್ಪು ಮಸಿ ಇದೆಯೇ ನೋಡಿ. ಮೊದಲ ಕೆಲವು ಸಲ ಕಾದು ಆರಿದಾಗ ಅಲ್ಲಿನ ನಟ್ಟು ಸಡಿಲಾಗುವುದುಂಟು. ಇನ್ನು ಕೀ ಆನ್ ಮಾಡಿದಾಗ ಟ್ಯಾಂಕಿನೊಳಗಿಂದ ಕೆಲವು ಸೆಕೆಂಡ್ ಬರುವ ಗುಂಯ್ ಪೆಟ್ರೋಲ್ ಪಂಪಿನದು. ಬೈಕ್ ನಿಲ್ಲಿಸಿದ ಮೇಲಿನ ಟಿಣ್ ಟಿಣ್ ಎಕ್ಸಾಸ್ಟ್ ಪೈಪು ಆರುತ್ತಾ ಕುಗ್ಗುವ ಸದ್ದು. ಎರಡೂ ಸಹಜ.

ಲೆಕ್ಕ ಇಷ್ಟಪಡುವವರಿಗೆ ಫೋನಿನ ರೆಕಾರ್ಡಿಂಗ್ ಒಳ್ಳೆಯ ಸಾಧನ. ಐಡ್ಲಿಂಗ್ 1,200 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಇದ್ದರೆ ಕ್ರ್ಯಾಂಕ್ ಸೆಕೆಂಡಿಗೆ 20 ಸುತ್ತು. ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಅದರ ಅರ್ಧ, 10. ರೆಕಾರ್ಡಿಂಗಿನ ಅಲೆಯನ್ನು ತೋರಿಸುವ ಆ್ಯಪ್‌ನಲ್ಲಿ ಒಂದು ಸೆಕೆಂಡಿನ ಬಡಿತಗಳನ್ನು ಎಣಿಸಿ. ಸಿಂಗಲ್ ಸಿಲಿಂಡರಿನಲ್ಲಿ 10 ಬಂದರೆ ವಾಲ್ವಿನ ಕಡೆಯದು ಅಥವಾ ದಹನದ ಹೊಡೆತಕ್ಕೆ ಹುಟ್ಟುವಂಥದ್ದು. 20 ಬಂದರೆ ಕ್ರ್ಯಾಂಕಿನೊಡನೆ ಸುತ್ತುವ, ಸಡಿಲಾದ ಮ್ಯಾಗ್ನೆಟ್‌ನಂಥ (ವಿದ್ಯುತ್ ಹುಟ್ಟಿಸುವ ಚಕ್ರದಂಥ) ಭಾಗದ್ದಿರಬಹುದು. ಬಡಿತವೇ ಇಲ್ಲದ ಎಳೆದ ಸ್ವರ ಬಂದರೆ ಅದು ಹೆಚ್ಚಾಗಿ ಗೇರಿನ ಹಲ್ಲುಗಳ ಹಾಡು: ಕ್ರ್ಯಾಂಕಿನ ಗೇರಿಗೆ 20 ಹಲ್ಲಿದ್ದರೆ 3,000 ಆರ್‌ಪಿಎಂನಲ್ಲಿ 50×20, ಅಂದರೆ 1,000 ಹರ್ಟ್ಸ್‌ನ ಸ್ವರ.

ಜಾಗ ಹುಡುಕಲು ಮೆಕ್ಯಾನಿಕ್‌ಗಳ ಸ್ಟೆತಸ್ಕೋಪ್ ಸಿಗುತ್ತದೆ. ಉದ್ದನೆಯ ಸ್ಕ್ರೂಡ್ರೈವರ್ ಕೂಡ ನಡೆಯುತ್ತದೆ. 1816ರಲ್ಲಿ ರೆನೆ ಲೆನೆಕ್ ಎಂಬ ಫ್ರೆಂಚ್ ವೈದ್ಯ ಕಾಗದ ಸುರುಳಿ ಸುತ್ತಿ ರೋಗಿಯ ಎದೆಬಡಿತ ಕೇಳಿದ್ದರ ಹಿಂದಿನ ಉಪಾಯವೇ ಇಲ್ಲೂ: ಸದ್ದಿಗೆ ಗಾಳಿಯಲ್ಲಿ ಚೆದುರಲು ಬಿಡದೆ ನೇರ ಕಿವಿಗೆ ದಾರಿ ಮಾಡುವುದು. ತುದಿಯನ್ನು ಕೇಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ. ಹೆಡ್ ಕವರ್, ಟೈಮಿಂಗ್ ಚೈನ್ ಸಾಗುವ ಪಕ್ಕ, ಕ್ಲಚ್ ಕವರ್, ಮ್ಯಾಗ್ನೆಟ್ ಕವರ್, ಕ್ರ್ಯಾಂಕ್‌ಕೇಸಿನ ಕೆಳಭಾಗ ಹೀಗೆ ಒಂದೊಂದೇ ಜಾಗದಲ್ಲಿ ಹೋಲಿಸಿ ನೋಡಿ. ಕೂದಲು, ತೋಳು, ಶಾಲು ತಿರುಗುವ ಭಾಗಗಳಿಂದ ದೂರವಿರಲಿ.

ಒಂದೇ ಆರ್‌ಪಿಎಂನಲ್ಲಿ ಹುಟ್ಟಿ, ಅದನ್ನು ದಾಟಿದರೆ ಸಾಯುವ ಝಿರ್ರ್ ಹೆಚ್ಚಾಗಿ ಅನುರಣನ: ಹೀಟ್ ಶೀಲ್ಡ್, ನಂಬರ್ ಪ್ಲೇಟ್, ಸೈಡ್ ಪ್ಯಾನೆಲ್ ಇಂಥವು ಎಂಜಿನ್ ಕಂಪನಕ್ಕೆ ಜೊತೆಗೂಡಿ ಕುಣಿಯುತ್ತವೆ. ಪ್ಯಾನೆಲನ್ನು ಕೈಯಿಂದ ಒತ್ತಿದಾಗ ನಿಂತರೆ ಕಳ್ಳ ಸಿಕ್ಕ.

ಬೈಕನ್ನು ಅಲ್ಲೇ ನಿಲ್ಲಿಸಬೇಕಾದ ಸದ್ದುಗಳು ಕೆಲವೇ. ಭಾರ ಬಿದ್ದಾಗ ಜೋರಾಗುವ, ಆಳದಿಂದ ಬರುವ ದಬ್ ದಬ್ ಬಡಿತ. ಲೋಹ ಲೋಹಕ್ಕೆ ಉಜ್ಜುವ ಕರಕರ. ಆಯಿಲ್ ದೀಪದ ಜೊತೆ ಬರುವ ಯಾವುದೇ ಸದ್ದು. ಇಲ್ಲಿ "ಮನೆಯವರೆಗೆ ಹೋಗೋಣ" ಎಂದರೆ ಬೇರಿಂಗಿನ ಖರ್ಚು ಕ್ರ್ಯಾಂಕಿನ ಖರ್ಚಾಗುತ್ತದೆ. ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಕಾಳು ಉದುರಿದಂತೆ ಚಿಟಚಿಟ ಬಂದರೆ ಅದು ಬೇರೆ ಕಥೆ: ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿಯೇ ಸಿಡಿಯುತ್ತಿದೆ. ತಕ್ಷಣ ಗೇರ್ ಇಳಿಸಿ, ಮುಂದಿನ ಸಲ ಮ್ಯಾನುಯಲ್ ಹೇಳಿದ ಆಕ್ಟೇನಿನ ಪೆಟ್ರೋಲ್ ಹಾಕಿಸಿ.

ಸರ್ವಿಸ್ ಸೆಂಟರಿಗೆ ಹೋಗುವಾಗ "ಸೌಂಡ್ ಬರುತ್ತೆ" ಎಂದರೆ ಜಾಬ್ ಕಾರ್ಡಿನಲ್ಲಿ ಅಷ್ಟೇ ಬರೆದುಕೊಳ್ಳುತ್ತಾರೆ. ಓಡಿದ ಕಿಲೋಮೀಟರ್, ಗೇರು, ಆರ್‌ಪಿಎಂ, ಬಿಸಿಯೋ ತಣ್ಣಗೋ, ಕ್ಲಚ್ ಹಿಡಿದಾಗ ಏನಾಗುತ್ತದೆ ಎಲ್ಲವನ್ನೂ ಬರೆಸಿ. ಮೀಟರ್ ಕಾಣುವಂತೆ ವಿಡಿಯೊ ಮಾಡಿಕೊಳ್ಳಿ. ಆದರೆ ಫೋನುಗಳು ಸಣ್ಣ ಸದ್ದನ್ನು ಹಿಗ್ಗಿಸಿ ದೊಡ್ಡದನ್ನು ಕುಗ್ಗಿಸುವುದರಿಂದ ವಿಡಿಯೊ ಒಂದನ್ನೇ ನೆಚ್ಚಬೇಡಿ. ಅದೇ ಮಾಡೆಲ್ಲಿನ, ಹೆಚ್ಚುಕಡಿಮೆ ಅಷ್ಟೇ ಓಡಿದ ಇನ್ನೊಂದು ಬೈಕನ್ನು ಪಕ್ಕದಲ್ಲಿ ನಿಲ್ಲಿಸಿ ಕೇಳುವುದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ.

ಮೊದಲ ಸರ್ವಿಸಿನಲ್ಲಿ ಹಳೆ ಆಯಿಲ್ ಇಳಿಸುವಾಗ ಅಲ್ಲೇ ನಿಂತು ನೋಡಿ. ಹೊಸ ಭಾಗಗಳು ಒಂದಕ್ಕೊಂದು ಸವೆದು ಹೊಂದಿಕೊಳ್ಳುವಾಗ ಬೂದು ಬಣ್ಣದ ನುಣ್ಣನೆಯ ಮಿನುಗು ಬರುವುದು ಸಹಜ. ಬೆರಳ ನಡುವೆ ಚುಚ್ಚುವ ಚೂರು ಸಹಜವಲ್ಲ. ಚೂರು ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಅಂದರೆ ಗೇರು, ಚೈನು ಅಥವಾ ಬೇರಿಂಗ್. ಅಂಟದೆ ಬೆಳ್ಳಗಿದ್ದರೆ ಅಲ್ಯೂಮಿನಿಯಮ್, ತಾಮ್ರದ ಬಣ್ಣವಿದ್ದರೆ ಬುಶ್ಶು (ಶಾಫ್ಟ್ ಕೂರುವ ಉಂಗುರ). ಅಂಥದ್ದು ಕಂಡರೆ ಆ ಆಯಿಲನ್ನು ಚೆಲ್ಲಲು ಬಿಡದೆ, ಒಂದು ಬಾಟಲಿಯಲ್ಲಿ ಹಿಡಿಸಿ ಜಾಬ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.