ವೀಗ್ಯಾಂಡ್: ಕಾರ್ಡ್ ರೀಡರಿನಿಂದ ಕಂಟ್ರೋಲರಿಗೆ ಹೋಗುವ ಎರಡು ತಂತಿ

ಬಾಗಿಲ ಪಕ್ಕದ ಕರಿ ಡಬ್ಬಿಗೆ ಕಾರ್ಡ್ ತೋರಿಸಿದರೆ ಬೀಪ್ ಸದ್ದಾಗಿ ಲಾಕ್ ಬಿಡುತ್ತದೆ. ಬಾಗಿಲು ತೆಗೆದದ್ದು ಆ ಡಬ್ಬಿಯೇ ಅನ್ನಿಸುವುದು ಸಹಜ. ಆದರೆ ಕಾರ್ಡ್ ಓದುವ ರೀಡರ್ ಬೇರೆ, ಲಾಕ್ ಬಿಡಬೇಕೇ ಎಂದು ತೀರ್ಮಾನಿಸುವ ಕಂಟ್ರೋಲರ್ ಬೇರೆ ಇರುವ ಕಡೆ ರೀಡರಿಗೆ ಯಾರನ್ನು ಒಳಗೆ ಬಿಡಬೇಕೆಂಬುದು ಗೊತ್ತೇ ಇರುವುದಿಲ್ಲ. ಕಾರ್ಡಿನ ನಂಬರ್ ಓದಿ, ಒಳಗೆಲ್ಲೋ ಕೂತಿರುವ ಕಂಟ್ರೋಲರಿಗೆ ಒಪ್ಪಿಸಿದರೆ ಅದರ ಕೆಲಸ ಮುಗಿಯಿತು. ಹಾಗೆ ಒಪ್ಪಿಸುವ ಹಳೆಯ, ಇಂದಿಗೂ ಚಾಲ್ತಿಯಲ್ಲಿರುವ ಪದ್ಧತಿಯ ಹೆಸರು ವೀಗ್ಯಾಂಡ್.

ಇದು ಜಾನ್ ವೀಗ್ಯಾಂಡ್ ಎಂಬಾತನ ಹೆಸರು. ಕೋಬಾಲ್ಟ್, ಕಬ್ಬಿಣ, ವೆನೇಡಿಯಂ ಸೇರಿದ ಮಿಶ್ರಲೋಹದ ತಂತಿಯನ್ನು ಒಂದು ಹದದಲ್ಲಿ ತಿರುಚಿದರೆ, ಕಾಂತಕ್ಷೇತ್ರದಲ್ಲಿ ಅದರ ಧ್ರುವಗಳು ನಿಧಾನವಾಗಿ ಅಲ್ಲ, ಒಮ್ಮೆಲೇ ತಿರುಗಿಬೀಳುತ್ತವೆ. ಪಕ್ಕದ ಸುರುಳಿಯಲ್ಲಿ ವಿದ್ಯುತ್ ಮಿಡಿತ ಹುಟ್ಟುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಆತ ರೂಪಿಸಿದ ಈ ತಂತಿಯ ತುಣುಕುಗಳನ್ನು ಕಾರ್ಡಿನೊಳಗೆ ಎರಡು ಸಾಲಾಗಿ ಹುದುಗಿಸುತ್ತಿದ್ದರು. ಒಂದು ಸಾಲು ಸೊನ್ನೆಗೆ, ಇನ್ನೊಂದು ಒಂದಕ್ಕೆ. ಆ ಕಾರ್ಡುಗಳು ಈಗ ಕಾಣಸಿಗುವುದೇ ಅಪರೂಪ. ರೇಡಿಯೊ ತರಂಗದಿಂದ ಓದುವ 125 ಕಿಲೋಹರ್ಟ್ಸ್, 13.56 ಮೆಗಾಹರ್ಟ್ಸ್ ಕಾರ್ಡುಗಳು ಬಂದಿವೆ. ಆದರೆ ಗೋಡೆಯೊಳಗೆ ಎಳೆದ ಕೇಬಲ್ಲು, ಆಗಲೇ ಕೂತಿದ್ದ ಕಂಟ್ರೋಲರುಗಳು ಬದಲಾಗಲಿಲ್ಲ. ಹಾಗಾಗಿ ಹೊಸ ರೀಡರುಗಳೂ ಅದೇ ಎರಡು ತಂತಿಯ ಮಾತು ಕಲಿತವು.

ಆ ತಂತಿಗಳು ಡೇಟಾ ಸೊನ್ನೆ ಮತ್ತು ಡೇಟಾ ಒಂದು. ಸಾಮಾನ್ಯವಾಗಿ ಮೊದಲನೆಯದು ಹಸಿರು, ಎರಡನೆಯದು ಬಿಳಿ. ಸುಮ್ಮನಿದ್ದಾಗ ಎರಡರಲ್ಲೂ 5 ವೋಲ್ಟ್. ಸೊನ್ನೆ ಕಳಿಸಬೇಕಾದರೆ ಹಸಿರು ತಂತಿ ಸುಮಾರು 50 ಮೈಕ್ರೊಸೆಕೆಂಡ್ ಕಾಲ ಕೆಳಗಿಳಿದು ಮೇಲೇಳುತ್ತದೆ, ಒಂದಾದರೆ ಬಿಳಿಯದು. ಬಹಳ ಬಳಕೆಯ ರೂಪದಲ್ಲಿ ಇಂಥ 26 ಬಿಟ್‌ಗಳು: ಮೊದಲ ಮತ್ತು ಕೊನೆಯ ಬಿಟ್ ತಪ್ಪು ಹಿಡಿಯಲು, ನಡುವಿನ 8 ಫೆಸಿಲಿಟಿ ಕೋಡಿಗೆ (ಕಟ್ಟಡ ಅಥವಾ ಸಂಸ್ಥೆಯ ಗುರುತಿನ ಸಂಖ್ಯೆ), 16 ಕಾರ್ಡ್ ನಂಬರಿಗೆ.

ನಿಮ್ಮ ಹತ್ತಿರ 125 ಕಿಲೋಹರ್ಟ್ಸ್‌ನ ಅಗ್ಗದ ಬಿಳಿ ಕಾರ್ಡ್ ಇದ್ದರೆ ತಿರುಗಿಸಿ ನೋಡಿ. ಹಲವು ಕಾರ್ಡುಗಳ ಮೇಲೆ 0001234567 ಎಂಬಂತೆ ಹತ್ತು ಅಂಕಿ, ಪಕ್ಕದಲ್ಲೇ 018,54919 ಎಂಬಂತೆ ಇನ್ನೊಂದು ಸಂಖ್ಯೆ ಇರುತ್ತದೆ. ಎರಡೂ ಒಂದೇ. 18ನ್ನು 65536ರಿಂದ ಗುಣಿಸಿ 54919 ಕೂಡಿಸಿದರೆ 1234567 ಬರುತ್ತದೆ. ಅಲ್ಪವಿರಾಮದ ಎಡಕ್ಕಿರುವುದು ಫೆಸಿಲಿಟಿ ಕೋಡ್, ಬಲಕ್ಕಿರುವುದು ಕಾರ್ಡ್ ನಂಬರ್. ಸಾಫ್ಟ್‌ವೇರ್ ಒಂದನ್ನು ಕೇಳುವಾಗ ಇನ್ನೊಂದನ್ನು ತುಂಬಿ, ‘ಕಾರ್ಡೇ ಹಾಳು’ ಎಂದು ವಾಪಸ್ ಕೊಡುವವರಿದ್ದಾರೆ! ರೀಡರ್ 34 ಬಿಟ್ ಕಳಿಸುತ್ತಿದ್ದು ಕಂಟ್ರೋಲರ್ 26ಕ್ಕೆ ಕಾದಿದ್ದರೂ ನಂಬರ್ ಹೊಂದುವುದಿಲ್ಲ.

ಜೋಡಣೆಯಲ್ಲಿ ಎಲ್ಲರನ್ನೂ ಸತಾಯಿಸುವುದು ಗ್ರೌಂಡ್. ರೀಡರಿಗೆ ಬೇರೆ 12 ವೋಲ್ಟ್ ಅಡಾಪ್ಟರ್ ಕೊಟ್ಟು, ಅದರ ನೆಗೆಟಿವ್ ತಂತಿಯನ್ನು ಕಂಟ್ರೋಲರಿನ ಗ್ರೌಂಡಿಗೆ ಸೇರಿಸದೆ ಬಿಟ್ಟರೆ, ರೀಡರ್ ಬೀಪ್ ಅನ್ನುತ್ತದೆ, ದೀಪ ಮಿನುಗುತ್ತದೆ, ಕಂಟ್ರೋಲರಿಗೆ ಮಾತ್ರ ಏನೂ ತಲುಪುವುದಿಲ್ಲ. ತಲುಪಿದರೂ ಒಮ್ಮೆ ಸರಿ, ಒಮ್ಮೆ ತಪ್ಪು. ಯಾವುದಕ್ಕೆ ಹೋಲಿಸಿ 5 ವೋಲ್ಟ್, ಯಾವುದಕ್ಕೆ ಹೋಲಿಸಿ ಸೊನ್ನೆ ಎಂಬ ಒಪ್ಪಂದವೇ ಅಲ್ಲಿಲ್ಲ. ಬೀಪ್ ಬಂದರೆ ಕಾರ್ಡ್ ಓದಿದೆ ಎಂದಷ್ಟೇ ಅರ್ಥ.

ಹಸಿರು-ಬಿಳಿ ಅದಲುಬದಲಾದರೆ ಸೊನ್ನೆಗಳೆಲ್ಲ ಒಂದಾಗುತ್ತವೆ, ಒಂದುಗಳೆಲ್ಲ ಸೊನ್ನೆ. 26 ಬಿಟ್‌ನಲ್ಲಿ ಇದು ಪರೀಕ್ಷೆಯ ಬಿಟ್‌ಗಳಲ್ಲೇ ಸಿಕ್ಕಿಬೀಳುತ್ತದೆ. ಆ ಪರೀಕ್ಷೆ ಮಾಡದ ಕಂಟ್ರೋಲರಿನಲ್ಲಿ 1234ರ ಕಾರ್ಡು 64301 ಆಗಿ ಕಾಣುತ್ತದೆ. ಕಂಡ ನಂಬರನ್ನು 65535ರಿಂದ ಕಳೆದಾಗ ಕಾರ್ಡಿನ ಮೇಲಿನ ನಂಬರೇ ಬಂದರೆ ತಂತಿ ಅದಲುಬದಲು ಮಾಡಿ, ಸಾಕು.

ದೂರದ ಮಿತಿ ದಪ್ಪ ತಂತಿಗೆ 150 ಮೀಟರ್ ಎನ್ನುತ್ತಾರೆ. ಉಳಿದಿದೆಯೆಂದು ನೆಟ್‌ವರ್ಕ್ ಕೇಬಲ್ ಬಳಸಿದರೆ ಅಷ್ಟು ದೂರದ ಆಸೆ ಬೇಡ. ಅದರ ಎಳೆ ತೆಳು, ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಡೇಟಾದ ಎರಡೂ ತಂತಿಯನ್ನು ಒಂದೇ ತಿರುಚಿದ ಜೋಡಿಯಲ್ಲಿ ಹಾಕಲೂಬಾರದು, ಒಂದರ ಮಿಡಿತ ಇನ್ನೊಂದಕ್ಕೆ ಹತ್ತುತ್ತದೆ. ಕೇಬಲ್ಲಿನ ಶೀಲ್ಡನ್ನು, ಅಂದರೆ ಎಳೆಗಳ ಸುತ್ತಲಿನ ಲೋಹದ ಹೊದಿಕೆಯನ್ನು, ಕಂಟ್ರೋಲರಿನ ಕಡೆ ಮಾತ್ರ ಗ್ರೌಂಡ್ ಮಾಡಿ.

ಕಂಟ್ರೋಲರಿನಿಂದ ಆಚೆಗೆ ಮಾಮೂಲಿ ನೆಟ್‌ವರ್ಕ್: ಐಪಿ ವಿಳಾಸ, ಸ್ವಿಚ್, ಸರ್ವರ್. ಸಾಮಾನ್ಯವಾಗಿ ಕಾರ್ಡುಗಳ ಪಟ್ಟಿ, ವೇಳಾಪಟ್ಟಿ ಕಂಟ್ರೋಲರಿನ ನೆನಪಿನಲ್ಲೇ ಇರುವುದರಿಂದ ನೆಟ್‌ವರ್ಕ್ ಹೋದರೂ ಬಾಗಿಲು ಕೆಲಸ ಮಾಡುತ್ತದೆ.

ವೀಗ್ಯಾಂಡಿನ ದೊಡ್ಡ ಕೊರತೆ ಅದರ ಮುಗ್ಧತೆ. ನಂಬರ್ ಗುಪ್ತಲಿಪಿಯಿಲ್ಲದೆ ಹರಿಯುತ್ತದೆ. ಹೇಳಿದ್ದು ನಿಜವಾಗಿ ರೀಡರೇನಾ ಎಂದು ಕಂಟ್ರೋಲರ್ ಕೇಳುವುದಿಲ್ಲ. ರೀಡರ್ ಕಿತ್ತುಹೋದರೂ, ಕಿತ್ತದ್ದನ್ನು ತಿಳಿಸುವ ಬೇರೆ ಟ್ಯಾಂಪರ್ ತಂತಿ ಇಲ್ಲದಿದ್ದರೆ ಅದಕ್ಕೆ ತಿಳಿಯದು. ರೀಡರಿನ ಹಿಂದಿನ ತಂತಿಗೆ ಕಚ್ಚಿಸಿ, ಹೋದ ನಂಬರ್ ಕದ್ದು, ಬ್ಲೂಟೂತ್ ಮೂಲಕ ಮತ್ತೆ ಆಡಿಸುವ ಪುಟ್ಟ ಸರ್ಕಿಟ್ ಒಂದನ್ನು 2015ರ ಬ್ಲ್ಯಾಕ್ ಹ್ಯಾಟ್ ಎಂಬ ಕಂಪ್ಯೂಟರ್ ಭದ್ರತಾ ಸಮ್ಮೇಳನದಲ್ಲೇ ತೋರಿಸಿದ್ದರು. ಕಾರ್ಡ್ ಎಷ್ಟೇ ದುಬಾರಿಯದಾಗಿರಲಿ, ಗೋಡೆಯೊಳಗಿನ ಮಾತು ಬಟಾಬಯಲಾದರೆ ಏನುಪಯೋಗ?

ಇದಕ್ಕೆ ಉತ್ತರವಾಗಿ ಬಂದದ್ದು ಓಎಸ್‌ಡಿಪಿ (ಓಪನ್ ಸೂಪರ್‌ವೈಸ್ಡ್ ಡಿವೈಸ್ ಪ್ರೋಟೊಕಾಲ್) ಎಂಬ ಪದ್ಧತಿ. ಆರ್‌ಎಸ್-485 ಎಂಬ ಜೋಡಿ ತಂತಿಯ ಸಂಪರ್ಕದ ಮೇಲೆ ಎರಡೂ ಕಡೆಯಿಂದ ಮಾತು, ಬೇಕೆಂದರೆ 128 ಬಿಟ್ ಎಇಎಸ್ ಗೂಢಲಿಪಿ, 1200 ಮೀಟರ್‌ವರೆಗಿನ ದೂರ, ಒಂದೇ ಜೋಡಿಯಲ್ಲಿ ಹಲವು ರೀಡರ್. ‘ಬೇಕೆಂದರೆ’ ಎಂಬುದು ಮುಖ್ಯ: ಸುರಕ್ಷಿತ ಸಂಪರ್ಕವನ್ನು ಆನ್ ಮಾಡದಿದ್ದರೆ, ಇಲ್ಲವೇ ಕಾರ್ಖಾನೆ ಕೊಟ್ಟ ಕೀಲಿಯನ್ನು ಬದಲಿಸದಿದ್ದರೆ ಅದೂ ಬಯಲು ಮಾತೇ. ಹೊಸ ಬಾಗಿಲಿಗೆ ರೀಡರ್ ಕೊಳ್ಳುವವರು ಎರಡೂ ಪದ್ಧತಿ ಬಲ್ಲದ್ದನ್ನು ಕೊಳ್ಳಲಿ, ಶೀಲ್ಡ್ ಇರುವ ತಿರುಚಿದ ಜೋಡಿಯ ಕೇಬಲ್ಲನ್ನೇ ಎಳೆಸಲಿ. ಇವತ್ತು ಡೇಟಾದ ಎರಡು ತಂತಿಯನ್ನು ಬೇರೆ ಬೇರೆ ಜೋಡಿಯಲ್ಲಿಟ್ಟು ಹಳೆಯ ಕಂಟ್ರೋಲರಿನ ಜೊತೆ ವೀಗ್ಯಾಂಡಿನಲ್ಲೇ ನಡೆಸಿದರೂ, ಮುಂದೆ ಓಎಸ್‌ಡಿಪಿಗೆ ಹೋಗುವಾಗ ಗೋಡೆ ಒಡೆಯಬೇಕಾಗುವುದಿಲ್ಲ.