ಕತೆ ಬಾಯಿಪಾಠ, ಆದರೂ ಮಾಲ್ಗುಡಿ ಸಾಕೆನಿಸುವುದಿಲ್ಲ ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಅತ್ತೆ, ನಾನು, ಹನ್ನೊಂದು ವರ್ಷದ ಮಗ ಮೂವರೂ ಜಗಳವಿಲ್ಲದೆ ಒಟ್ಟಿಗೆ ನೋಡುವುದು ‘ಮಾಲ್ಗುಡಿ ಡೇಸ್’ ಒಂದನ್ನೇ. ಹೊಸ ಕಂತು ಬರುವುದಿಲ್ಲ, ಇರುವ ಕತೆಗಳೆಲ್ಲ ಬಾಯಿಪಾಠ. ಆದರೂ ಮುಂದಿನ ವಾರ ಮತ್ತೆ ಅದನ್ನೇ ಹಾಕುತ್ತೇವೆ. ಅದರಲ್ಲಿ ಅಂಥದ್ದೇನಿದೆ? ಮಗನಿಗೆ ಇನ್ನೂ ತೋರಿಸದೇ ಇರುವವರು ಯಾವ ಕಂತಿನಿಂದ ಶುರು ಮಾಡಬೇಕು?
(ಡೊಂಬಿವಲಿಯ ಓದುಗರೊಬ್ಬರು)

ಈ ಪ್ರಶ್ನೆಯನ್ನು ನಾನು ಮಾಟುಂಗದ ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ, ಸಂಘದ ವಾರ್ಷಿಕೋತ್ಸವ ಮುಗಿದು ಚಪ್ಪಲಿ ಹುಡುಕುವಾಗ ಕೇಳಿದ್ದೇನೆ, ಲೋಕಲ್‌ನ ನಾಲ್ಕನೇ ಸೀಟಿನಲ್ಲಿ ಅರ್ಧ ಕೂತು ಅರ್ಧ ನೇತಾಡುವಾಗಲೂ ಕೇಳಿದ್ದೇನೆ. ಕೇಳಿದವರೇ ಉತ್ತರವನ್ನೂ ಕೊಟ್ಟುಬಿಡುತ್ತಾರೆ: “ಹಳೇ ಕಾಲ ಅಲ್ವಾ ಮಾರಾಯ್ರೆ, ಅದಕ್ಕೆ.” ನನಗಿದು ಒಪ್ಪಿಗೆಯಿಲ್ಲ. ಹಳೆಯದು ಎಂಬುದೊಂದೇ ಸಾಕಾಗಿದ್ದರೆ ಆ ದಿನಗಳ ದೂರದರ್ಶನದ ಉಳಿದ ಧಾರಾವಾಹಿಗಳನ್ನೂ ನಾವು ಹೀಗೇ ಹುಡುಕಿ ಹುಡುಕಿ ನೋಡಬೇಕಿತ್ತು. ನೋಡುತ್ತೇವೆಯೇ? ಅದೂ ಅಲ್ಲದೆ, ನಿಮ್ಮ ಹನ್ನೊಂದು ವರ್ಷದ ಮಗನಿಗೆ ಎಲ್ಲಿಯ ಹಳೇ ಕಾಲ?

ಮೊದಲು ಅದರ ಕಟ್ಟು ಹೇಗಿದೆ ನೋಡೋಣ. ಬಾಯಿಗೆ ಬಂದ ರೂಢಿಯಂತೆ ನಾವದನ್ನು ಧಾರಾವಾಹಿ ಎನ್ನುತ್ತೇವೆ, ಆದರೆ ಅದು ಧಾರೆ ಕಟ್ಟಿ ಹರಿಯುವುದೇ ಇಲ್ಲ. ಅದು ಬಿಡಿ ಕತೆಗಳ ಸರಣಿ. ಸ್ವಾಮಿಯ ಕತೆ, ಮಿಠಾಯಿ ಅಂಗಡಿಯ ಜಗನ್ನನ ಕತೆಗಳಂಥವು ಹಲವು ಕಂತುಗಳಲ್ಲಿ ಸಾಗುತ್ತವೆ, ನಿಜ. ಉಳಿದವು ಹೆಚ್ಚಾಗಿ ಒಂದೇ ಕೂರಿಕೆಯವು. ಒಂದು ವಾರ ತಪ್ಪಿದರೆ ಏನೂ ಕಳೆದುಕೊಂಡಂತಲ್ಲ, ಅತ್ತೆಯವರು ನಡುವೆ ಎದ್ದು ಒಲೆಯ ಮೇಲಿನ ಹಾಲು ನೋಡಿ ಬಂದರೂ “ಹಿಂದೆ ಏನಾಗಿತ್ತು?” ಎಂದು ಯಾರೂ ವಿವರಿಸಬೇಕಿಲ್ಲ. ಈ ಬಗೆ ಟಿವಿಯವರು ಕಂಡುಹಿಡಿದದ್ದಲ್ಲ. ವಿಕ್ರಮನ ಹೆಗಲೇರಿದ ಬೇತಾಳ ಮಾಡಿದ್ದು ಇದನ್ನೇ. ನಮ್ಮ ‘ವಡ್ಡಾರಾಧನೆ’ಯಲ್ಲೂ ಹತ್ತೊಂಬತ್ತು ಕತೆ, ಒಂದೊಂದೂ ತನ್ನಷ್ಟಕ್ಕೆ ಪೂರ್ಣ.

ಬಿಡಿ ಕತೆಗಳಿಗೆ ಒಂದು ದಾರ ಬೇಕಾಗುತ್ತದೆ, ಇಲ್ಲದಿದ್ದರೆ ಹೂವು ಹೂವಾಗಿಯೇ ಉದುರುತ್ತವೆ. ಅಮೆರಿಕದಲ್ಲಿ ವಾಲ್ಟ್ ಡಿಸ್ನಿ 1954ರ ಅಕ್ಟೋಬರ್ 27ರಂದು ಇಂಥದ್ದೇ ಒಂದು ಕುಟುಂಬ ಸರಣಿ ಶುರು ಮಾಡಿದಾಗ ಆ ದಾರ ಅವರೇ ಆಗಿದ್ದರು. ವಾರವಾರವೂ ಪರದೆಯ ಮೇಲೆ ಬಂದು ಮನೆಯ ಹಿರಿಯನಂತೆ ಮಾತಾಡಿ, ಕತೆಗೆ ದಾರಿ ಬಿಡುತ್ತಿದ್ದರು. (ಆಗ ಕಟ್ಟುತ್ತಿದ್ದ ಡಿಸ್ನಿಲ್ಯಾಂಡಿಗೆ ಹಣವೂ ಬಂತು, ಪ್ರಚಾರವೂ ಆಯಿತು, ಮರುವರ್ಷ ಜುಲೈ 17ರಂದು ಅದರ ಬಾಗಿಲು ತೆರೆಯಿತು. ವ್ಯಾಪಾರಿ ಬುದ್ಧಿಗೆ ಕೈ ಮುಗಿಯಬೇಕು.) 1966ರಲ್ಲಿ ಅವರು ತೀರಿಕೊಂಡ ಮೇಲೂ ಆ ಸರಣಿ ಹೆಸರು ಬದಲಿಸುತ್ತ, ವಾಹಿನಿ ಬದಲಿಸುತ್ತ, ನಡುನಡುವೆ ನಿಂತು ಮತ್ತೆ ಎದ್ದು ದಶಕಗಳ ಕಾಲ ನಡೆಯಿತು.

ಮಾಲ್ಗುಡಿಗೆ ಅಂಥ ನಿರೂಪಕ ಬೇಕಾಗಲಿಲ್ಲ. ಅಲ್ಲಿ ದಾರ ಊರೇ. ಆರ್.ಕೆ. ನಾರಾಯಣ್ 1935ರ ತಮ್ಮ ಮೊದಲ ಕಾದಂಬರಿಯಲ್ಲಿ ಕಟ್ಟಿದ ಊರು, ಅದರ ಸರಯೂ ನದಿ, ರೈಲ್ವೆ ನಿಲ್ದಾಣ, ಬೀದಿಗಳು. ಶುರುವಿನಲ್ಲಿ ಅವರ ತಮ್ಮ ಆರ್.ಕೆ. ಲಕ್ಷ್ಮಣರ ರೇಖೆಗಳು, ಹಿಂದೆ ಎಲ್. ವೈದ್ಯನಾಥನ್ ಅವರ ‘ತಾನಾನ ತಾನ ನಾನನಾ’. ಆ ರಾಗ ಕೇಳಿದರೆ ಪಕ್ಕದ ಮನೆಯ ಮರಾಠಿ ಅಜ್ಜಿಯೂ ಬಾಗಿಲಿಗೆ ಬರುತ್ತಿದ್ದರು ನಮ್ಮ ಚಾಳಿನಲ್ಲಿ. ನಿರ್ಮಾಪಕರು ಟಿ.ಎಸ್. ನರಸಿಂಹನ್. ಶಂಕರ್‌ನಾಗ್ ನಿರ್ದೇಶಿಸಿದ್ದು 39 ಕಂತು. ಬಹಳ ವರ್ಷದ ಮೇಲೆ, 2006ರಲ್ಲಿ, ಕವಿತಾ ಲಂಕೇಶ್ ಇನ್ನೂ 15 ಮಾಡಿದರು. ಒಟ್ಟು ಇಷ್ಟೇ. ಈಗಿನ ಧಾರಾವಾಹಿಗಳು ಮೂರೇ ತಿಂಗಳಲ್ಲಿ ದಾಟಿಬಿಡುವ ಲೆಕ್ಕ. ಮಾಲ್ಗುಡಿ ದೀರ್ಘಕಾಲ ಓಡಿದ್ದು ಕಂತುಗಳ ಬಲದಿಂದಲ್ಲ, ನೋಡುವವರು ಬಿಡಲಿಲ್ಲ, ಅದಕ್ಕೆ.

ಯಾಕೆ ಬಿಡಲಿಲ್ಲ ಎಂಬುದಕ್ಕೆ ಒಂದೇ ಕಂತು ಸಾಕು, ನನ್ನ ಮಟ್ಟಿಗೆ. ತಿಂಗಳಿಗೆ ನಲ್ವತ್ತೈದು ರೂಪಾಯಿಯ ಕತೆ. ವೆಂಕಟರಾವ್ ಒಬ್ಬ ಗುಮಾಸ್ತ. ವಿಷ್ಣುವರ್ಧನ್ ಆ ಪಾತ್ರ ಮಾಡಿದ್ದಾರೆ. ಸಂಜೆ ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಎಂದು ಮಗಳು ಶಾಂತಾಗೆ ಮಾತು ಕೊಟ್ಟಿದ್ದಾನೆ. ಹುಡುಗಿ ಮಧ್ಯಾಹ್ನವೇ ಮನೆಗೆ ಬಂದು, ಮುಖ ತೊಳೆದು, ಹೊಸ ಫ್ರಾಕು ಹಾಕಿಕೊಂಡು ಕಾಯುತ್ತಾಳೆ. ಆಫೀಸಿನಲ್ಲಿ ಸಾಹೇಬರು ಬಿಡುವುದಿಲ್ಲ. ವೆಂಕಟರಾವ್‌ಗೆ ರೋಸಿಹೋಗಿ ರಾಜೀನಾಮೆ ಬರೆದೇಬಿಡುತ್ತಾನೆ. ಅದನ್ನು ಕೊಡುವ ಹೊತ್ತಿಗೆ ಸುದ್ದಿ ಬರುತ್ತದೆ: ಸಂಬಳ ಐದು ರೂಪಾಯಿ ಏರಿದೆ. ಕಾಗದ ಮಡಚಿ ಜೇಬಿಗೆ ಹೋಗುತ್ತದೆ. ಅವನು ಮನೆ ತಲುಪುವಾಗ ಮಗು ಅದೇ ಫ್ರಾಕಿನಲ್ಲಿ, ಊಟವೂ ಇಲ್ಲದೆ ಮಲಗಿ ನಿದ್ದೆ ಹೋಗಿದೆ. ಮುಗಿಯಿತು.

ನಾವಾಗ ವಡಾಲಾದ ಖೋಲಿಯಲ್ಲಿದ್ದೆವು. ಅಪ್ಪ ಫೋರ್ಟಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಕಿಂಗ್ಸ್ ಸರ್ಕಲ್‌ನ ಅರೋರಾ ಟಾಕೀಸಿಗೆ ಹೋಗೋಣ ಎಂದು ನನಗೂ ಎರಡು ಸಲ ಮಾತು ಕೊಟ್ಟು, ಎರಡು ಸಲವೂ ಹಾರ್ಬರ್ ಲೈನಿನ ಕೊನೆಯ ಗಾಡಿಗಳಲ್ಲಿ ಬಂದವರು. ಈ ಕಂತನ್ನು ನಾವು ಎದುರು ಮನೆಯವರ ಟಿವಿಯಲ್ಲಿ ನೋಡಿದೆವು. ನನಗೆ ಗಂಟಲು ಕಟ್ಟಿತ್ತು. ಇನ್ನು ಅಪ್ಪ ನನ್ನ ಕಡೆ ನೋಡಿ ಏನೋ ಹೇಳುತ್ತಾರೆ ಅಂದುಕೊಂಡೆ. ಅವರು ಎದ್ದು ಲುಂಗಿ ಸರಿಮಾಡಿಕೊಂಡು ಹೇಳಿದ್ದು ಇಷ್ಟೇ: “ಐದು ರೂಪಾಯಿ ಆ ಕಾಲಕ್ಕೆ ಕಮ್ಮಿಯೇನಲ್ಲ.”

ಹತ್ತು ವರ್ಷ ನಾನು ಆ ಮಾತಿಗೆ ಅವರ ಮೇಲೆ ಸಿಟ್ಟಾಗಿದ್ದೆ. ನನಗೂ ಮಗಳು ಹುಟ್ಟಿ, ಅಂಧೇರಿಯಿಂದ ರಾತ್ರಿ ಒಂಬತ್ತೂವರೆಗೆ ಮನೆ ಸೇರುವ ಕಾಲ ಬಂದಾಗ ಅದೇ ಕಂತನ್ನು ಮತ್ತೆ ನೋಡಿದೆ. ಆಗ ನನ್ನ ಕಣ್ಣು ಮಗುವಿನ ಮೇಲೆ ನಿಲ್ಲಲೇ ಇಲ್ಲ, ಆ ಮಡಚಿದ ಕಾಗದದ ಮೇಲೆ ನಿಂತಿತು. ಐದು ರೂಪಾಯಿಯ ಲೆಕ್ಕ ನಾನೂ ಹಾಕಿದೆ.

ನನ್ನ ಉತ್ತರ ಇಲ್ಲೇ ಇದೆ. ಮಾಲ್ಗುಡಿಯ ಕತೆಗಳಲ್ಲಿ ತೀರ್ಪು ಇಲ್ಲ. ಅಂಚೆಯ ತಾನಪ್ಪನನ್ನೇ ನೋಡಿ. ಮದುವೆ ಮನೆಗೆ ಬಂದ ಸಾವಿನ ಸುದ್ದಿಯನ್ನು ಅವನು ಮದುವೆ ಮುಗಿಯುವವರೆಗೆ ಅಡಗಿಸಿಡುತ್ತಾನೆ. ಆ ಮುಹೂರ್ತ ತಪ್ಪಿದರೆ ಹುಡುಗಿಯ ಮದುವೆಯೇ ತಪ್ಪಿಹೋದೀತು ಎಂದು ಅವನಿಗೆ ಗೊತ್ತು. ಆಮೇಲೆ ತಾನೇ ಬಂದು ತಪ್ಪೊಪ್ಪಿಕೊಳ್ಳುತ್ತಾನೆ. ಹುಡುಗಿಯ ತಂದೆ ದೂರು ಕೊಡುವುದಿಲ್ಲ, ಆದರೆ ನೀನು ಹೀಗೆ ಮಾಡಬಾರದಿತ್ತು ಎನ್ನುವುದನ್ನೂ ಬಿಡುವುದಿಲ್ಲ. ತಾನಪ್ಪ ಮಾಡಿದ್ದು ಸರಿಯೋ ತಪ್ಪೋ? ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಊಟ ತಣ್ಣಗಾದದ್ದುಂಟು. ಸೂತಕದಲ್ಲಿ ಮದುವೆಯೇ ಎಂದು ಅಮ್ಮ, ಹುಡುಗಿ ಬದುಕಿತಲ್ಲ ಎಂದು ಅತ್ತಿಗೆ.

ಲೀಲಾಳ ಗೆಳೆಯ ಸಿದ್ದನ ಕತೆ ಇನ್ನೂ ಕಠಿಣ. ಮಗುವಿನ ಚಿನ್ನದ ಸರ ಕಾಣೆಯಾಗಿ, ಕೆಲಸದ ಸಿದ್ದನ ಮೇಲೆ ಕಳ್ಳತನ ಬರುತ್ತದೆ. ಅವನು ಹಿಂದೆ ಜೈಲಿಗೆ ಹೋಗಿ ಬಂದವನು ಎಂಬ ಕಾರಣವೇ ಸಾಕಾಗುತ್ತದೆ. ಆಮೇಲೆ ಸರ ಹುಣಸೆಹಣ್ಣಿನ ಮಡಕೆಯಲ್ಲಿ ಸಿಗುತ್ತದೆ, ಹಾಕಿದ್ದು ಮಗುವೇ. ಈಗಿನ ಬರಹಗಾರನ ಕೈಗೆ ಕೊಟ್ಟಿದ್ದರೆ ಯಜಮಾನ ಓಡಿಹೋಗಿ ಸಿದ್ದನ ಕೈಹಿಡಿದು ಅತ್ತುಬಿಡುತ್ತಿದ್ದ, ಹಿನ್ನೆಲೆಯಲ್ಲಿ ಕೊಳಲು. ಇಲ್ಲಿ ಯಜಮಾನ ಹೇಳುವುದರ ಸಾರ, ಏನೇ ಆಗಲಿ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗುತ್ತಿರಲಿಲ್ಲ ಎಂದು. ನನ್ನ ಮಗಳು ಇದನ್ನು ನೋಡಿದ ಮರುದಿನ ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸಿನ ಮುಖವನ್ನೇ ನೋಡುತ್ತ ಕೂತಿದ್ದಳು.

ಕತೆ ಬಾಯಿಪಾಠವಾದರೂ ಅಡ್ಡಿಯಿಲ್ಲದಿರುವುದು ಹೀಗೆ. ಏನಾಯಿತು ಎಂದು ತಿಳಿಯಲು ನಾವು ಕೂರುವುದಿಲ್ಲ, ಈ ಸಲ ಯಾರ ಪಕ್ಷ ಹಿಡಿಯುತ್ತೇವೆ ಎಂದು ನಮಗೇ ಗೊತ್ತಿರುವುದಿಲ್ಲ. ಒಂದೇ ಸೋಫಾದ ಮೇಲೆ ನಿಮ್ಮ ಅತ್ತೆ, ನೀವು, ಮಗ ಮೂರು ಬೇರೆ ಬೇರೆ ಕತೆಗಳನ್ನು ನೋಡುತ್ತಿರುತ್ತೀರಿ.

ಮುಂಬೈಯ ನಮಗೆ ಇದರ ಜೊತೆ ಇನ್ನೊಂದು ಎಳೆಯೂ ಇದೆ. ಮೈಸೂರಿನ ಲೇಖಕ ಇಂಗ್ಲಿಷಿನಲ್ಲಿ ಬರೆದದ್ದು, ಆಗುಂಬೆಯಲ್ಲಿ ಕನ್ನಡದ ನಟರನ್ನು ನಿಲ್ಲಿಸಿ ಹಿಂದಿಯಲ್ಲಿ ಮಾತಾಡಿಸಿದ್ದು. ಬೇರೆಯವರಿಗೆ ಅದು ಕಲಬೆರಕೆ ಅನಿಸಬಹುದು. ಮನೆಯಲ್ಲಿ ತುಳುವೋ ಕನ್ನಡವೋ, ಮೆಟ್ಟಿಲಲ್ಲಿ ಮರಾಠಿ, ಬಜಾರಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್ ಆಡುವ ನಮಗೆ ಅದು ದಿನದ ಬದುಕು. ಆ ಹಿಂದಿಯ ಲಯ ನಮ್ಮ ಕಿವಿಗೆ ನಮ್ಮ ಮಾವಂದಿರ ಹಿಂದಿಯಂತೆಯೇ ಕೇಳುತ್ತದೆ. ಮಾಡಿದವರೂ ಪೂರ್ತಿ ಹೊರಗಿನವರಲ್ಲ. ಹೊನ್ನಾವರ ಕಡೆಯ ಶಂಕರ್‌ನಾಗ್ ಸಿನಿಮಾಕ್ಕೆ ಬರುವ ಮುಂಚೆ ಇದೇ ಊರಿನಲ್ಲಿ ಬ್ಯಾಂಕಿನ ಕೆಲಸ ಮಾಡುತ್ತ ಮರಾಠಿ ರಂಗಭೂಮಿಯಲ್ಲಿ ಪಳಗಿದವರು. ಸ್ವಾಮಿಯ ಅಪ್ಪನಾದ ಗಿರೀಶ ಕಾರ್ನಾಡರು ಹುಟ್ಟಿದ್ದು ಮಾಥೇರಾನಿನಲ್ಲಿ. ಲಕ್ಷ್ಮಣ್ ಅಂತೂ ಬದುಕಿನ ಬಹುಪಾಲನ್ನು ಇಲ್ಲಿಯ ಪತ್ರಿಕೆಯೊಂದರಲ್ಲೇ ಕಳೆದರು; ಅವರ ವ್ಯಂಗ್ಯಚಿತ್ರಗಳ ಶ್ರೀಸಾಮಾನ್ಯ ಈಗಲೂ ವರ್ಲಿ ಸಮುದ್ರದ ಎದುರು ಕಂಚಿನಲ್ಲಿ ನಿಂತಿದ್ದಾನೆ.

ಲಾಲಿ ರಸ್ತೆಯ ಕಂತು ಬಂದರೆ ನಮ್ಮ ಬಿಲ್ಡಿಂಗಿನಲ್ಲಿ ನಗು ಜೋರು. ಸ್ವಾತಂತ್ರ್ಯದ ಹುಮ್ಮಸ್ಸಿನಲ್ಲಿ ಪುರಸಭೆ ಬೀದಿಗಳ ಹೆಸರೆಲ್ಲ ಬದಲಿಸಿ, ಯಾವ ಕಾಗದವೂ ಯಾರ ಮನೆಗೂ ಸರಿಯಾಗಿ ಮುಟ್ಟದಂತಾಗುವ ಕತೆ ಅದು. ವಿಕ್ಟೋರಿಯಾ ಟರ್ಮಿನಸ್ 1996ರಲ್ಲಿ ಹೆಸರು ಬದಲಿಸಿತು, ನಾವಿನ್ನೂ ವೀಟಿಯಲ್ಲೇ ಇಳಿಯುತ್ತೇವೆ. ಎಲ್ಫಿನ್‌ಸ್ಟನ್ ರೋಡು 2018ರಲ್ಲಿ ಪ್ರಭಾದೇವಿಯಾಯಿತು. ಕಿಂಗ್ಸ್ ಸರ್ಕಲ್‌ಗೆ ಮಹೇಶ್ವರಿ ಉದ್ಯಾನ ಎಂದರೆ ಟ್ಯಾಕ್ಸಿಯವನು ಒಂದು ಕ್ಷಣ ಯೋಚಿಸುತ್ತಾನೆ.

ಹಾಗಂತ ಎಲ್ಲ ಕಂತೂ ಒಂದೇ ತೂಕದವು ಎಂದು ನಾನು ಹೇಳುವುದಿಲ್ಲ. ಕೆಲವು ತೀರ ಎಳೆದಾಡುತ್ತವೆ. ಹೆಂಗಸರಿಗೆ ಅಡುಗೆಮನೆಯ ಬಾಗಿಲು ದಾಟಲು ಕತೆಗಳೇ ಅವಕಾಶ ಕೊಟ್ಟಿಲ್ಲ. ಸ್ವಾಮಿಯ ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರಂಥ ಕಲಾವಿದೆ ಇದ್ದೂ ಅವರಿಗೆ ಸಿಕ್ಕ ಜಾಗ ಕಡಿಮೆ ಎಂದೇ ನನಗೆ ಅನಿಸುವುದು. 2006ರ ಕಂತುಗಳನ್ನು ಹಳೆಯವುಗಳ ಜೊತೆ ಹೋಲಿಸಿ ನೋಡಬೇಡಿ, ಅನ್ಯಾಯವಾಗುತ್ತದೆ. ಶಂಕರ್‌ನಾಗ್ 1990ರಲ್ಲೇ ಹೋಗಿಬಿಟ್ಟಿದ್ದರು, ಆ ಖಾಲಿ ಜಾಗವನ್ನು ಹೊತ್ತುಕೊಂಡೇ ಅವು ಬಂದವು.

ಇನ್ನು ಶುರು ಎಲ್ಲಿಂದ ಎಂಬುದಕ್ಕೆ. ಮಕ್ಕಳಿಗೆ ಮೊದಲು ಸ್ವಾಮಿ ಕಳ್ಳನ ಕಾಲು ಕಚ್ಚಿ ಹಿಡಿಯುವ ಕಂತು. ಧೈರ್ಯದ ಬಗ್ಗೆ ಅಪ್ಪ ಉಪದೇಶ ಮಾಡಿ, ಅಜ್ಜಿಯ ಮಗ್ಗುಲು ಬಿಟ್ಟು ಒಬ್ಬನೇ ಆಫೀಸು ಕೋಣೆಯಲ್ಲಿ ಮಲಗು ಎನ್ನುತ್ತಾರೆ. ಭಯದಲ್ಲಿ ಹುಡುಗ ಕಚ್ಚಿದ್ದು ಶೌರ್ಯವಾಗಿಬಿಡುತ್ತದೆ. ಊರೆಲ್ಲ ಹೊಗಳಿದ ಮೇಲೂ ಅವನು ರಾತ್ರಿ ಮಲಗುವುದು ಅಜ್ಜಿಯ ಪಕ್ಕದಲ್ಲೇ. ಸ್ವಾಮಿಯಾದ ಮಾಸ್ಟರ್ ಮಂಜುನಾಥನ ಮುಖ ನೋಡುತ್ತ ಮಕ್ಕಳು ಭಾಷೆ ಯಾವುದೆಂಬುದನ್ನೇ ಮರೆಯುತ್ತಾರೆ. ಆಮೇಲೆ ಲಾಟರಿಯಲ್ಲಿ ರಸ್ತೆ ಸಮಮಾಡುವ ಇಂಜಿನ್ ಗೆದ್ದು ಅದನ್ನು ಎಲ್ಲಿಡುವುದೆಂದು ಪರದಾಡುವವನ ಕತೆ. ಮುಂಬೈಯಲ್ಲಿ ಪಾರ್ಕಿಂಗ್ ಹುಡುಕಿದವರಿಗೆ ಅದನ್ನು ವಿವರಿಸಬೇಕಿಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆ ಇದೆ, ಶಿವಮೊಗ್ಗ ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದಲ್ಲಿ 2020ರಲ್ಲಿ ಆದ ಮಾಲ್ಗುಡಿ ಮ್ಯೂಸಿಯಂ ಇದೆ. ಕಂತು ನೋಡಿ ಹೋದರೆ ಹುಡುಗರು ಬಸ್ಸಿನಲ್ಲಿ ಕಡಿಮೆ ರಗಳೆ ಮಾಡುತ್ತಾರೆ.

ತಾನಪ್ಪನ ಕಂತನ್ನು ಅತ್ತೆಯವರ ಜೊತೆಯೇ ನೋಡಿ, ಮತ್ತು ಊಟ ಮುಗಿಸಿಕೊಂಡೇ ನೋಡಿ. ನಲ್ವತ್ತೈದು ರೂಪಾಯಿಯದ್ದನ್ನು ಮಾತ್ರ ವಾರದ ನಡುವೆ ಹಾಕಬೇಡಿ. ಮಗನ ಅಪ್ಪ ರಾತ್ರಿ ತಡವಾಗಿ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿರುವಾಗಂತೂ ಬೇಡ.