ಬೆಳಿಗ್ಗೆ ಮೊದಲು ಏನು ತೆರೀತೀರಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಅಲ್ಲಿಂದೀಚೆಗೆ ನನ್ನ ಸರ್ವೀಸ್ ಅಂಗಡಿಗೆ ಎಂಟು ಹತ್ತು ವರ್ಷದ ಹಳೇ ಲ್ಯಾಪ್‌ಟಾಪ್‌ಗಳು ಜಾಸ್ತಿ ಬರುತ್ತಿವೆ. ಅವೇನೂ ಕೆಟ್ಟಿಲ್ಲ. ವಿಂಡೋಸ್ 11 ಹಿಡಿಯುವುದಿಲ್ಲ, ಅಷ್ಟೇ. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಷನ್ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು.

ತಂದವರ ಪ್ರಶ್ನೆ ಒಂದೇ. "ಸರ್, ಹೊಸದು ತಗೊಳ್ಳಲಾ? ಇಲ್ಲ ಅದೇನೋ ಫ್ರೀ ಲಿನಕ್ಸ್ ಇದೆಯಂತಲ್ಲ, ಅದನ್ನೇ ಹಾಕಿಬಿಡ್ತೀರಾ?"

ಲಿನಕ್ಸ್ ಅಂದರೆ ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ನಾನು ತಿರುಗಿ ಕೇಳುವುದೂ ಒಂದೇ. "ಬೆಳಿಗ್ಗೆ ಆನ್ ಮಾಡಿದ ಕೂಡಲೇ ಮೊದಲು ಏನು ತೆರೀತೀರಿ?"

"ಕ್ರೋಮ್" ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಮೇಲ್, ಯೂಟ್ಯೂಬ್, ಬ್ಯಾಂಕು, ರೈಲು ಟಿಕೆಟ್ಟು ಎಲ್ಲ ಬ್ರೌಸರ್ ಒಳಗೇ ನಡೆಯುತ್ತವೆ. ಅಂಥವರಿಗೆ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ನಾಲ್ಕು ಜಿಬಿ ರ್‍ಯಾಮ್ ಇದ್ದರೆ ಅದು ಆರಾಮಾಗಿ ಓಡುತ್ತದೆ. "ಟ್ಯಾಲಿ" ಅಂದರೆ ಲಿನಕ್ಸ್ ಮಾತೇ ಎತ್ತುವುದಿಲ್ಲ. ನಮ್ಮ ಬೆಂಗಳೂರಿನ ಕಂಪನಿಯದೇ ಲೆಕ್ಕಪತ್ರದ ಸಾಫ್ಟ್‌ವೇರ್, ಆದರೆ ಟ್ಯಾಲಿಪ್ರೈಮ್ ಮಾಡಿರುವುದು ವಿಂಡೋಸ್‌ಗೆ. ಏನೋ ಸರ್ಕಸ್ ಮಾಡಿ ಲಿನಕ್ಸಿನಲ್ಲಿ ಓಡಿಸುವವರಿದ್ದಾರೆ. ಜಿಎಸ್‌ಟಿ ಕಟ್ಟುವ ಕೊನೇ ದಿನ ಅದು ಕೈಕೊಟ್ಟರೆ ಫೋನ್ ಬರುವುದು ನನಗೆ.

ಈ ಪ್ರಶ್ನೆ ಕೇಳುವುದನ್ನು ನಾನು ಕಲಿತದ್ದು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಪೆಟ್ಟು ತಿಂದ ಮೇಲೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಹ್ಯಾಂಡ್‌ಬಿಲ್ ಮಾಡುವ ಚಿಕ್ಕ ಪ್ರೆಸ್ ಅದು. ಯಜಮಾನರ ಕಂಪ್ಯೂಟರಿಗೆ ತಿಂಗಳಿಗೊಮ್ಮೆ ವೈರಸ್. ನನಗೆ ಆಗ ಲಿನಕ್ಸ್ ಹುಚ್ಚು. ಒಂದು ಭಾನುವಾರ ಕೂತು ಉಬುಂಟು ಅನ್ನುವ ಲಿನಕ್ಸ್ ಹಾಕಿದೆ. ಹಳೇ ಫೈಲುಗಳನ್ನೆಲ್ಲ ಜೋಪಾನವಾಗಿ ತೆಗೆದಿಟ್ಟು ವಾಪಸ್ ಹಾಕಿದ್ದೆ. ಸೋಮವಾರ ಅವರು ಒಂದು ಹಳೇ ವರ್ಡ್ ಫೈಲ್ ತೆರೆದರು. ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳು. ಒಂದರ ತಲೆ ಮೇಲೆ ಗೀಟು, ಇನ್ನೊಂದರ ಮೇಲೆ ಚುಕ್ಕೆ, ನಡುನಡುವೆ ಪೌಂಡ್ ಚಿಹ್ನೆ. "ಏನ್ರೀ ಇದು, ಮದುಮಗಳ ಹೆಸರು ಫ್ರೆಂಚಲ್ಲಿ ಬಂದಿದೆ" ಅಂದರು.

ಆದದ್ದು ಇಷ್ಟು. ನುಡಿ ಅನ್ನುವುದು ಕನ್ನಡ ಟೈಪ್ ಮಾಡುವ ತಂತ್ರಾಂಶ. ಅದರ ಹಳೇ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಈಗಿನ ಪದ್ಧತಿಯವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿರುತ್ತಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ. ಫಾಂಟ್ ಇದ್ದರೆ ಮಾತ್ರ ನಮ್ಮ ಕಣ್ಣಿಗೆ ಕನ್ನಡ. ಫಾಂಟ್ ಫೈಲ್ ತಂದು ಹಾಕಿದೆ, ಅಕ್ಷರಗಳು ಬಂದವು. ಆದರೆ ಒಂದು ಹೆಸರು ತಿದ್ದಬೇಕಾದರೂ ಹಳೇ ರೀತಿಯಲ್ಲೇ ಟೈಪ್ ಮಾಡಬೇಕು, ಅದಕ್ಕೆ ಬೇಕಾದ ನುಡಿ ತಂತ್ರಾಂಶ ಓಡುವುದು ವಿಂಡೋಸಿನಲ್ಲಿ. ಪೇಜ್‌ಮೇಕರ್ ಕಥೆಯೂ ಅದೇ. ಪುಟ ಜೋಡಿಸುವ ಆ ಹಳೇ ತಂತ್ರಾಂಶದ ಕೊನೇ ಆವೃತ್ತಿ 7.0 ಬಂದದ್ದು 2001ರಲ್ಲಿ. ಇವತ್ತಿಗೂ ನಮ್ಮ ಕಡೆ ಎಷ್ಟೋ ಲಗ್ನಪತ್ರಿಕೆ ಅದರಲ್ಲೇ ಆಗುತ್ತವೆ. ಬುಧವಾರ ವಿಂಡೋಸ್ ವಾಪಸ್ ಹಾಕಿಕೊಟ್ಟೆ. ದುಡ್ಡು ಕೇಳಲು ಮುಖ ಇರಲಿಲ್ಲ.

ಲಿನಕ್ಸಿನಲ್ಲಿ ಕನ್ನಡ ಬರುವುದಿಲ್ಲ ಅಂತ ಯಾರೂ ತಿಳಿಯಬೇಡಿ. ಯೂನಿಕೋಡ್‌ನಲ್ಲಿ ಬರೆಯುವವರಿಗೆ ಏನೂ ತೊಂದರೆ ಇಲ್ಲ. ನುಡಿ ಕೀಲಿಮಣೆಯ ಮೂಲ ವಿನ್ಯಾಸ ಕೆ.ಪಿ. ರಾವ್ ಅವರದು. ಅದೇ ವಿನ್ಯಾಸ ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಒಳಗೆ ಕೆಜಿಪಿ ಅನ್ನುವ ಹೆಸರಲ್ಲಿ ಸಿಗುತ್ತದೆ. ಬೆರಳಿಗೆ ಹೊಸದೇನೂ ಕಲಿಸಬೇಕಿಲ್ಲ.

ಇನ್ನೊಂದು ಮಾತು, ನನ್ನ ವೃತ್ತಿಯವರಿಗೆ ಇಷ್ಟ ಆಗಲಿಕ್ಕಿಲ್ಲ. ನಮ್ಮಂಥ ಊರುಗಳಲ್ಲಿ ಜನ ದುಡ್ಡು ಕೊಟ್ಟ ವಿಂಡೋಸ್, ಫ್ರೀ ಲಿನಕ್ಸ್ ಎರಡನ್ನೂ ತೂಗಿ ನೋಡುವುದೇ ಇಲ್ಲ. ಮೂರನೆಯದು ಇದೆ: ಕ್ರ್ಯಾಕ್ ವಿಂಡೋಸ್, ಅಂದರೆ ಲೈಸೆನ್ಸ್ ಕೊಳ್ಳದೆ ಕಳ್ಳದಾರಿಯಲ್ಲಿ ಹಾಕಿದ್ದು. ಫಾರ್ಮ್ಯಾಟ್ ಮಾಡಿಸಿದಾಗ ಐನೂರು ರೂಪಾಯಿಗೆ ಸುಮ್ನೆ ಬಂದು ಕೂತಿರುತ್ತದೆ. ಅದನ್ನು ಆಕ್ಟಿವೇಟ್ ಮಾಡುವ ಪುಟ್ಟ ಪ್ರೋಗ್ರಾಂ ಓಡಬೇಕಾದರೆ ಮೊದಲು ಆಂಟಿವೈರಸ್ ಆಫ್ ಮಾಡಬೇಕು. ಕಳ್ಳನಿಗೆ ಬಾಗಿಲು ತೆಗೆದು ಕಾಫಿ ಕೊಟ್ಟ ಹಾಗೆ. ಆಮೇಲೆ ಕ್ರ್ಯಾಕ್ ಹೋಗಿಬಿಟ್ಟೀತು ಅಂತ ಅಪ್‌ಡೇಟ್ ಕೂಡ ಬಂದ್. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ದುಷ್ಟ ಪ್ರೋಗ್ರಾಂ ವಿಂಡೋಸಿನ ಒಂದು ತೂತಿನಿಂದ ನುಗ್ಗಿ ಜಗತ್ತಿನ ತುಂಬ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ತಮಾಷೆ ಅಂದರೆ, ಕ್ರ್ಯಾಕ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಅಸಲಿ ಲೈಸೆನ್ಸ್ ಇರುತ್ತದೆ. ಕೊಳ್ಳುವಾಗಲೇ ಅದರ ದುಡ್ಡು ಕೊಟ್ಟಿರುತ್ತೀರಿ. ಕೀ ಮದರ್‌ಬೋರ್ಡಿನಲ್ಲೇ ಕೂತಿದೆ. ಬಂದದ್ದು ಹೋಮ್ ಆವೃತ್ತಿ ಆದರೆ ಹೋಮ್ ಹಾಕಿದರೆ ಸಾಕು, ತಾನೇ ಆಕ್ಟಿವೇಟ್ ಆಗುತ್ತದೆ. ಯಾರೋ "ಪ್ರೋ ಹಾಕ್ತೀನಿ ಸಾರ್, ಚೆನ್ನಾಗಿರುತ್ತೆ" ಅಂದು ಅದರ ಮೇಲೆ ಕಳ್ಳಮಾಲು ಕೂರಿಸಿರುತ್ತಾರೆ. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್ ಯಾವ ಆವೃತ್ತಿಯ ಜೊತೆ ಬಂದಿತ್ತು ಅಂತ ಹಳೇ ಬಿಲ್ ತೆಗೆದು ನೋಡಿ.

ಹಾಗಂತ ಲಿನಕ್ಸ್ ಪೂರ್ತಿ ಪುಕ್ಕಟೆ ಅಂತಲೂ ಅಲ್ಲ. ಇಲ್ಲಿ ಫ್ರೀ ಅಂದರೆ ಸ್ವಾತಂತ್ರ್ಯ. ಕೋಡ್ ತೆರೆದಿದೆ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ರೆಡ್ ಹ್ಯಾಟ್‌ನಂಥ ಕಂಪನಿ ಅದೇ ಲಿನಕ್ಸಿಗೆ ಸಪೋರ್ಟ್ ಕೊಟ್ಟು ಚಂದಾ ವಸೂಲಿ ಮಾಡುತ್ತದೆ. ಮನೆಯಲ್ಲಿ ನೀವು ಕೊಡುವುದು ಸಮಯ, ಇಲ್ಲವೇ ನನ್ನಂಥವನ ಸರ್ವೀಸ್ ಚಾರ್ಜ್. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ನಡೆಯುತ್ತಿದೆ. ಅಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ಅದಕ್ಕೇ ನಿಂತಿತು. ತೊಡಕಾದಾಗ ಕೇಳಲು ನಿಮ್ಮೂರಲ್ಲಿ ಯಾರೂ ಇಲ್ಲ ಅಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮನಸ್ಸು ಆ ಕಡೆ ಇದ್ದರೆ ಮೊದಲೇ ಇನ್‌ಸ್ಟಾಲ್ ಮಾಡಬೇಡಿ. 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಬರೆದುಕೊಂಡು ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ಹಾರ್ಡ್ ಡಿಸ್ಕ್ ಮುಟ್ಟದೆ ಇಡೀ ವ್ಯವಸ್ಥೆ ಓಡುತ್ತದೆ. ಸ್ವಲ್ಪ ನಿಧಾನ, ಅದು ಪೆನ್‌ಡ್ರೈವಿನ ತಪ್ಪು. ವೈಫೈ ಹಿಡಿಯಿತಾ, ಸೌಂಡ್ ಬಂತಾ, ಕ್ಯಾಮೆರಾ ಆಯಿತಾ ನೋಡಿ. ಮುಖ್ಯವಾಗಿ ಪ್ರಿಂಟರ್. ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಒಂದು ಪುಟ್ಟ ಲೇಸರ್ ಪ್ರಿಂಟರ್ ಇದೆ. ಲಿನಕ್ಸಿಗೆ ಅದನ್ನು ಪಳಗಿಸಲು ನನಗೆ ಎರಡು ದಿನ ಹಿಡಿದಿತ್ತು. ಡಿಜಿಟಲ್ ಸಹಿ ಹಾಕುವ ಡಿಎಸ್‌ಸಿ ಟೋಕನ್ ಬಳಸುವವರು ಅದನ್ನೂ ಚುಚ್ಚಿ ನೋಡಿ. ಬರೀ ನಿಧಾನ ಅನ್ನುವ ದೂರಾದರೆ, ಹಳೇ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ. ಎಷ್ಟೋ ಸಲ ಅಷ್ಟಕ್ಕೇ ಲ್ಯಾಪ್‌ಟಾಪ್ ಚುರುಕಾಗುತ್ತದೆ.

ಆ ಪ್ರೆಸ್ಸಿನಲ್ಲಿ ಈಗ ಎರಡು ಕಂಪ್ಯೂಟರ್ ಇವೆ. ಹಿಂದಿನ ಕೋಣೆಯದು ವಿಂಡೋಸ್. ಪೇಜ್‌ಮೇಕರ್, ನುಡಿ, ಇಪ್ಪತ್ತು ವರ್ಷದ ಫೈಲುಗಳು ಅದರಲ್ಲಿವೆ, ಇಂಟರ್ನೆಟ್ ತಂತಿ ಮಾತ್ರ ಇಲ್ಲ. ಮುಂದಿನ ಕೌಂಟರಿನದು ಮಿಂಟ್. ವೈರಸ್ ಬರುತ್ತಿದ್ದದ್ದು ಗಿರಾಕಿಗಳ ಪೆನ್‌ಡ್ರೈವಿನಿಂದ ಅಂತ ಆಮೇಲೆ ಗೊತ್ತಾಯಿತು. ಈಗ ಪೆನ್‌ಡ್ರೈವ್ ಮೊದಲು ಕೌಂಟರಿನಲ್ಲೇ ಇಳಿಯಬೇಕು. ಹುಡುಗ ಬೇಕಾದ ಫೋಟೋ, ಪಿಡಿಎಫ್ ಅಷ್ಟೇ ಹೆಕ್ಕಿ ಒಳಗೆ ಕಳಿಸುತ್ತಾನೆ. ಮೊನ್ನೆ ಹೋದಾಗ ಯಜಮಾನರು ಹೊಸ ಪೆನ್‌ಡ್ರೈವೊಂದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು, "ಒಳಗೆ ಬರೋರು ಚಪ್ಪಲಿ ಹೊರಗೆ ಬಿಡಬೇಕು ಕಣಪ್ಪ" ಅಂತ ಗಿರಾಕಿಗೆ ಹೇಳುತ್ತಿದ್ದರು. ಅವನು ನಿಜವಾಗಿಯೂ ಚಪ್ಪಲಿ ಬಿಟ್ಟು ಬಂದ.